ಮಾವನ ಬೆನ್ನಿನ ಹುಣ್ಣು, ಸೊಸೆಯ ನಿದ್ದೆ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಮಾವನವರಿಗೆ 72 ವರ್ಷ, ತೂಕ 55 ಕೆ.ಜಿ. ಏಳು ವಾರದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ, ಮಾತಿಲ್ಲ. ಮೂಗಿನ ನಳಿಕೆಯಲ್ಲಿ ದಿನಕ್ಕೆ ಆರು ಸಲ ಒಂದೊಂದು ಲೋಟ ರಾಗಿ ಗಂಜಿ ಹಾಕುತ್ತೇನೆ. ಆಸ್ಪತ್ರೆಯಿಂದ ಕಳಿಸುವಾಗ ‘ತಲೆ ಎತ್ತರಿಸಿ ಮಲಗಿಸಿ, ಇಲ್ಲದಿದ್ದರೆ ನೆತ್ತಿಗೆ ಹತ್ತುತ್ತದೆ’ ಎಂದಿದ್ದರು. ಅದಕ್ಕೇ ಹಗಲೂ ರಾತ್ರಿ ಮೂರು ದಿಂಬು ಕೊಟ್ಟು ಒರಗಿಸಿಯೇ ಇಟ್ಟಿದ್ದೇನೆ. ಕೆಳಗೆ ಜಾರಿದಾಗ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತೇನೆ. ವಾಟರ್ ಬೆಡ್ ತಂದು ಅದರ ಮೇಲೆ ಜಮಖಾನ, ರಬ್ಬರ್ ಶೀಟು, ಬೆಡ್‌ಶೀಟು ಹಾಸಿದ್ದೇವೆ. ಸ್ಪಿರಿಟ್ ಹಚ್ಚಿ ಉಜ್ಜಿ ಪೌಡರ್ ಹಾಕುತ್ತೇನೆ. ಆದರೂ ಸೊಂಟದ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಅಗಲ ಚರ್ಮ ಕಿತ್ತು ಹುಣ್ಣಾಗಿದೆ. ಒಂದು ವಾರದಿಂದ ನೀರುನೀರಾಗಿ ಸ್ವಲ್ಪ ಸ್ವಲ್ಪ ಬೇಧಿ ಬೇರೆ. ಮಾತ್ರೆ ಕೊಟ್ಟರೂ ನಿಂತಿಲ್ಲ. ಯಜಮಾನರು ದಿನಾ ತುಮಕೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಅತ್ತೆಗೆ ಮಂಡಿನೋವು, ನಿಂತು ಕೆಲಸ ಮಾಡಲಾರರು. ಹೋದ ವಾರ ಬಂದಿದ್ದ ನಾದಿನಿ ಹುಣ್ಣು ನೋಡಿ ‘ಸರಿಯಾಗಿ ನೋಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂದರು. ನನಗೆ ಸೊಂಟನೋವು, ರಾತ್ರಿ ಎರಡು ಗಂಟೆಗಿಂತ ಹೆಚ್ಚು ಒಟ್ಟಿಗೆ ನಿದ್ದೆಯಿಲ್ಲ. ಕೆಲವೊಮ್ಮೆ ‘ದೇವರು ಇವರನ್ನು ಬೇಗ ಕರೆದುಕೊಳ್ಳಬಾರದೇ’ ಎನಿಸಿ, ಆಮೇಲೆ ನನ್ನ ಮೇಲೇ ಅಸಹ್ಯವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಈ ಹುಣ್ಣು ಅಲಕ್ಷ್ಯದಿಂದ ಬಂದದ್ದಲ್ಲ. ನೀವು ಆಸ್ಪತ್ರೆಯವರ ಒಂದು ಮಾತನ್ನು ಚಾಚೂ ತಪ್ಪದೆ ಪಾಲಿಸಿದಿರಿ, ಅದರ ಉಳಿದರ್ಧವನ್ನು ನಿಮಗೆ ಯಾರೂ ಹೇಳಲಿಲ್ಲ. ತಲೆ ಎತ್ತರದಲ್ಲಿರಬೇಕಾದದ್ದು ಗಂಜಿ ಹಾಕುವಾಗ ಮತ್ತು ಹಾಕಿದ ಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇಡೀ ದಿನ ಅಷ್ಟೇ ಎತ್ತರಕ್ಕೆ ಒರಗಿಸಿಟ್ಟರೆ ಮೈಭಾರವೆಲ್ಲ ಸೊಂಟದ ಕೆಳಗಿನ ಆ ಒಂದು ಮೂಳೆಯ ಮೇಲೆ ಬೀಳುತ್ತದೆ.

ಭಾರಕ್ಕಿಂತ ಕೆಟ್ಟದ್ದು ಜಾರುವಿಕೆ. ಅಂಗೈಯನ್ನು ಮೇಜಿನ ಮೇಲೆ ಒತ್ತಿಟ್ಟು ತೋಳನ್ನು ಮುಂದಕ್ಕೆ ತಳ್ಳಿ ನೋಡಿ. ಚರ್ಮ ಮೇಜಿಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ಮಾವನವರ ಬೆನ್ನಿನಲ್ಲಿ ದಿನವಿಡೀ ಆಗುತ್ತಿರುವುದು ಇದೇ. ಮೈ ಕೆಳಗೆ ಜಾರುತ್ತದೆ, ಚರ್ಮ ಬಟ್ಟೆಗೆ ಕಚ್ಚಿಕೊಂಡಿರುತ್ತದೆ, ನಡುವಿನ ಸಣ್ಣ ರಕ್ತನಾಳಗಳು ಎಳೆದು ಮಡಚಿಕೊಂಡು ರಕ್ತ ಹರಿಯದೆ ಆ ಜಾಗ ಸಾಯುತ್ತದೆ. ಆಮೇಲೆ ನೀವು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದಾಗ ಅದೇ ಚರ್ಮ ಇನ್ನೊಂದು ದಿಕ್ಕಿಗೆ ಉಜ್ಜುತ್ತದೆ. ಸ್ವಾಧೀನವಿಲ್ಲದ ಬಲ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುವುದರಿಂದ ಹಾಗೆ ಎಳೆದರೆ ಭುಜವೂ ಇಳಿದು ನೋವಾಗುತ್ತದೆ. ಎತ್ತುವಾಗ ಅವರು ಮುಖ ಕಿವುಚುತ್ತಿದ್ದರೆ ಅದು ಹಟವಲ್ಲ, ನೋವು.

ವಾಟರ್ ಬೆಡ್ ಇದ್ದೂ ಹೀಗೇಕೆ ಎಂದರೆ, ಅದು ಚಪ್ಪಟೆಯಾಗಿ ಮಲಗುವವರಿಗೆ ಮಾಡಿದ್ದು. ತಲೆದೆಸೆ ಎತ್ತಿದ ಕೂಡಲೇ ನೀರೆಲ್ಲ ಕಾಲಿನ ಕಡೆ ಓಡುತ್ತದೆ, ಸೊಂಟ ತಳಕ್ಕೆ ಕೂರುತ್ತದೆ. ಅದರ ಮೇಲೆ ಜಮಖಾನ, ರಬ್ಬರ್ ಶೀಟು, ಬೆಡ್‌ಶೀಟು ಎಂದು ಮೂರು ಪದರ ಬಂದರೆ ಒಳಗೆ ಏನಿದ್ದರೂ ಮೈಗೆ ತಾಗುವುದು ಜಮಖಾನವೇ. ಈ ಹಾಸಿಗೆಗಳನ್ನು ಮಾರುವವರು ‘ಇದನ್ನು ಹಾಕಿದರೆ ಮಗ್ಗುಲು ಬದಲಿಸುವುದೇ ಬೇಡ’ ಎನ್ನುವುದುಂಟು. ಹಾಗಿರುವ ಹಾಸಿಗೆ ಯಾವುದೂ ಇಲ್ಲ. ಒಳ್ಳೆಯ ಹಾಸಿಗೆ ಮಗ್ಗುಲು ಬದಲಿಸುವ ಅಂತರವನ್ನು ಹೆಚ್ಚಿಸುತ್ತದೆ, ಅಷ್ಟೆ.

ನಿಮಗೆ ಹೊಂದುವುದು ಏರ್ ಬೆಡ್, ಕೆಲವರು ಆಲ್ಫಾ ಬೆಡ್ ಎನ್ನುತ್ತಾರೆ. ಸಣ್ಣ ಪಂಪಿನಿಂದ ಒಂದು ಸಾಲಿನ ಗಾಳಿಚೀಲ ಉಬ್ಬಿದಾಗ ಪಕ್ಕದ ಸಾಲು ಇಳಿಯುತ್ತದೆ, ಒತ್ತಡ ಒಂದೇ ಕಡೆ ನಿಲ್ಲುವುದಿಲ್ಲ. ಮಾಮೂಲಿ ಹಾಸಿಗೆಯ ಮೇಲೆ ಇದನ್ನು ಹಾಸಿ, ಮೇಲೆ ಒಂದೇ ಒಂದು ತೆಳುವಾದ ಹತ್ತಿ ಬಟ್ಟೆ. ಪಂಪಿನ ತಿರುಗಣೆಯನ್ನು ಅವರ ತೂಕಕ್ಕೆ ಹೊಂದಿಸಿ. ಆಮೇಲೆ ಅಂಗೈ ಮೇಲ್ಮುಖವಾಗಿ ಏರ್ ಬೆಡ್ಡಿನ ಅಡಿಗೆ, ಸರಿಯಾಗಿ ಅವರ ಸೊಂಟದ ಕೆಳಕ್ಕೆ ಕೈ ತೂರಿಸಿ. ನಿಮ್ಮ ಕೈಗೂ ಅವರ ಮೂಳೆಗೂ ನಡುವೆ ಒಂದು ಅಂಗುಲ ಗಾಳಿ ಇರಬೇಕು. ಮೂಳೆ ಕೈಗೆ ಸಿಕ್ಕಿದರೆ ಗಾಳಿ ಸಾಲದು. ಪಂಪಿಗೆ ಬೇಕಾಗುವ ಕರೆಂಟು ಬಲು ಕಡಿಮೆ, ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೇ ಸೇರಿಸಿ. ಇಲ್ಲದಿದ್ದರೆ ಕರೆಂಟು ಹೋದ ತಕ್ಷಣ ಗಾಳಿಯ ಪೈಪುಗಳನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ, ಗಾಳಿ ಒಂದಷ್ಟು ಹೊತ್ತು ನಿಲ್ಲುತ್ತದೆ.

ಸ್ಪಿರಿಟ್ಟು, ಪೌಡರ್, ತಿಕ್ಕುವುದು ಮೂರನ್ನೂ ಇವತ್ತೇ ನಿಲ್ಲಿಸಿ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಯುವಂತೆ ಮಾಡುತ್ತದೆ. ಪೌಡರ್ ಬೆವರಿಗೆ ಕಲಸಿ ಗಟ್ಟಿಯಾಗಿ ಮರಳಿನಂತೆ ಉಜ್ಜುತ್ತದೆ. ಕೆಂಪಾದ ಜಾಗವನ್ನು ತಿಕ್ಕಿದರೆ ಆಗಲೇ ನಲುಗಿದ ರಕ್ತನಾಳಗಳು ಹರಿಯುತ್ತವೆ. ನಡುವೆ ತೂತಿರುವ ರಬ್ಬರ್ ಟ್ಯೂಬಿನ ಮೇಲೆ ಕೂರಿಸಲು ಯಾರಾದರೂ ಹೇಳಿದರೆ ಅದೂ ಬೇಡ. ಸುತ್ತಲಿನ ಅಂಚು ಒತ್ತಿ, ನಡುವಿನ ಜಾಗಕ್ಕೆ ರಕ್ತ ಬರುವುದೇ ನಿಲ್ಲುತ್ತದೆ.

ನೀವು ವರ್ಣಿಸಿದ್ದನ್ನು ನೋಡಿದರೆ ಇದು ಮೇಲ್ಪದರ ಮಾತ್ರ ಕಿತ್ತ ಹುಣ್ಣು. ಒತ್ತಡ ತಪ್ಪಿದರೆ ಕೆಲವು ವಾರಗಳಲ್ಲಿ ಮಾಯುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ಸಮ ಟೀ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ, ಆ ನೀರನ್ನು ಸುರಿದು ತೊಳೆಯಿರಿ. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನ ಯಾವುದೂ ಬೇಡ. ಹೊಸದಾಗಿ ಚಿಗುರುವ ಚರ್ಮವನ್ನೂ ಅವು ಸುಡುತ್ತವೆ ಅಥವಾ ಮುಚ್ಚಿಬಿಡುತ್ತವೆ. ಮೇಲೆ ಪ್ಯಾರಾಫಿನ್ ಸವರಿದ ಬಟ್ಟೆಯ ಡ್ರೆಸಿಂಗ್, ಅದರ ಮೇಲೆ ಗಾಜ್ ಬಟ್ಟೆ ಇಟ್ಟು ಅಂಟುಪಟ್ಟಿ ಅಂಟಿಸಿ. ಹುಣ್ಣು ಒಣಗಬೇಕು ಎಂದು ಫ್ಯಾನ್ ಗಾಳಿಗೆ ತೆರೆದಿಡುವ ಪದ್ಧತಿ ಇದೆಯಲ್ಲ, ಅದೂ ಹಳೆಯ ತಪ್ಪೇ. ತುಸು ತೇವವಿದ್ದರೆ ಚರ್ಮ ಬೇಗ ಕೂಡುತ್ತದೆ.

ಮಗ್ಗುಲು ಬದಲಿಸುವುದು

ಈಗ ನಿಮ್ಮ ಸೊಂಟದ ವಿಷಯ. ಮಂಚ ಬಹುಶಃ ಮೊಳಕಾಲಿನ ಎತ್ತರಕ್ಕಿದೆ, ದಿನಕ್ಕೆ ಇಪ್ಪತ್ತು ಮೂವತ್ತು ಸಲ ನೀವು ಬಗ್ಗುತ್ತೀರಿ. ಬಡಗಿಯ ಹತ್ತಿರ ನಾಲ್ಕು ಮರದ ದಿಮ್ಮಿ ಮಾಡಿಸಿ, ಮಂಚದ ಕಾಲು ಜಾರದಂತೆ ನಡುವೆ ಒಂದೂವರೆ ಅಂಗುಲ ಗುಳಿ ಇರಲಿ. ನೀವು ನೆಟ್ಟಗೆ ನಿಂತು ಮೊಣಕೈ ತುಸುವೇ ಬಗ್ಗಿಸಿದಾಗ ಹಾಸಿಗೆ ಅಂಗೈಗೆ ಸಿಗಬೇಕು, ಅಷ್ಟು ಎತ್ತರ. ಇದರಲ್ಲೊಂದು ಅಪಾಯವಿದೆ: ಅವರ ಎಡಗೈ ಎಡಗಾಲು ಆಡುತ್ತವೆ, ಅಷ್ಟು ಮೇಲಿಂದ ಉರುಳಿದರೆ ಸೊಂಟದ ಮೂಳೆ ಮುರಿಯುತ್ತದೆ. ಎರಡೂ ಪಕ್ಕಕ್ಕೆ ತೆಗೆದು ಹಾಕಬಹುದಾದ ಕಟಕಟೆ ಹಾಕಿಸಿ. ಅವರನ್ನು ಮಂಚದ ಅಂಚಿನಲ್ಲಿ ಕೂರಿಸುವ ದಿನ ಬಂದಾಗ ದಿಮ್ಮಿ ತೆಗೆಯಬೇಕು, ಆಗ ಪಾದ ನೆಲಕ್ಕೆ ಊರಬೇಕು. ತಲೆದೆಸೆ ತಿರುಗಿಸಿ ಎತ್ತುವ ಆಸ್ಪತ್ರೆ ಮಂಚ ಬಾಡಿಗೆಗೆ ಸಿಕ್ಕರೆ ಇನ್ನೂ ವಾಸಿ, ದಿಂಬಿನ ರಾಶಿ ತಪ್ಪುತ್ತದೆ.

ಹಳೆಯ ಕಾಟನ್ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಭುಜದಿಂದ ತೊಡೆಯ ನಡುವಿನ ತನಕ ಬರುವಂತೆ ಅವರ ಅಡಿ ಅಡ್ಡಲಾಗಿ ಹಾಸಿ. ಇಬ್ಬರಿದ್ದಾಗ ಎರಡೂ ಬದಿಯ ಸೀರೆಯನ್ನು ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿದು ಮೇಲಕ್ಕೆ ಸರಿಸಬಹುದು. ಒಬ್ಬರೇ ಇದ್ದರೆ ಎಳೆಯಲೇಬೇಡಿ. ತಲೆದೆಸೆ ಪೂರ್ತಿ ಇಳಿಸಿ, ಅವರ ಎಡ ಮಂಡಿ ಮಡಚಿ ಪಾದವನ್ನು ಹಾಸಿಗೆಗೆ ಊರಿಸಿ, ‘ಮಾವ, ಒತ್ತಿ’ ಎನ್ನಿ, ನೀವು ಸೊಂಟದ ಹತ್ತಿರ ಸೀರೆಯನ್ನು ಮೇಲಕ್ಕೆ ಒತ್ತರಿಸಿ. ಮಾತು ಬಾರದವರಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೊರಗೆ ಆಡುವ ಮಾತು ಹೋದರೂ, ಕೇಳಿ ತಿಳಿಯುವುದು ಎಷ್ಟೋ ಮಂದಿಗೆ ಸಾಕಷ್ಟು ಉಳಿದಿರುತ್ತದೆ. ಸಣ್ಣ ವಾಕ್ಯ, ಒಂದು ಸಲಕ್ಕೆ ಒಂದೇ ಮಾತು, ಜೊತೆಗೆ ಕೈಸನ್ನೆ. ಮುಟ್ಟುವ ಮೊದಲು ಏನು ಮಾಡುತ್ತೀರೆಂದು ಹೇಳಿ.

ಮಗ್ಗುಲಿಗೆ ಹೊರಳಿಸುವಾಗ ಅವರನ್ನು ನಿಮ್ಮ ಕಡೆಗೇ ತಿರುಗಿಸಿಕೊಳ್ಳಿ. ಆಚೆ ಬದಿಯ ಮಂಡಿ ಮಡಚಿ, ಒಂದು ಕೈ ಆಚೆ ಭುಜದ ಹಿಂದೆ, ಇನ್ನೊಂದು ಆಚೆ ಸೊಂಟದ ಹಿಂದೆ ಇಟ್ಟು ಉರುಳಿಸಿ. ಪೂರ್ತಿ ಪಕ್ಕಕ್ಕೆ ಬೇಡ, ತೊಡೆಯ ಪಕ್ಕದ ಮೂಳೆಗೆ ಭಾರ ಬೀಳುತ್ತದೆ. ಬೆನ್ನ ಹಿಂದೆ ಭುಜದಿಂದ ಸೊಂಟದವರೆಗೆ ಉದ್ದುದ್ದ ಒಂದು ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಸಾಕು. ಹುಣ್ಣಿನ ಜಾಗಕ್ಕೂ ಹಾಸಿಗೆಗೂ ನಡುವೆ ನಿಮ್ಮ ಅಂಗೈ ಸಲೀಸಾಗಿ ಹೋಗಬೇಕು. ಮೀನಖಂಡದ ಕೆಳಗೆ ಒಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ತೇಲಲಿ. ಮುಂದಿನ ಹುಣ್ಣು ಹುಟ್ಟುವುದು ಅಲ್ಲೇ. ಬಲಗೈಗೆ ಯಾವಾಗಲೂ ದಿಂಬಿನ ಆಸರೆ. ಬಲ ಮಗ್ಗುಲಿಗೆ ಹಾಕಬಹುದು, ಆದರೆ ಭುಜವನ್ನು ಸ್ವಲ್ಪ ಮುಂದಕ್ಕೆ ತಂದು ಹಾಕಿ, ಅಲ್ಲಿ ಇರಿಸುವ ಹೊತ್ತೂ ಕಡಿಮೆ ಇರಲಿ. ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ಗೋಡೆಗೊಂದು ಹಾಳೆ ಅಂಟಿಸಿ ಹೊತ್ತು, ಮಗ್ಗುಲು ಬರೆದಿಡಿ.

ಗಂಜಿ ಹಾಕುವ ಸಮಯಕ್ಕೆ ಮೊದಲು ತೊಡೆಯ ಕೆಳಗೆ ದಿಂಬು ಕೊಟ್ಟು ಮಂಡಿ ಎತ್ತರಿಸಿ, ಆಮೇಲೆ ತಲೆದೆಸೆ 30ರಿಂದ 45 ಡಿಗ್ರಿಗೆ ಏರಿಸಿ. ಈ ಕ್ರಮ ಬದಲಾದರೆ ಜಾರುತ್ತಾರೆ. ಮುಕ್ಕಾಲು, ಒಂದು ಗಂಟೆಯಾದ ಮೇಲೆ ಇಳಿಸಿ ಮಗ್ಗುಲಾಗಿಸಿ. ನಿಮ್ಮ ಹೆದರಿಕೆ ಸುಳ್ಳಲ್ಲ, ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಆದರೆ ಅವರ ಎಂಜಲೂ ಹಾಗೇ ಇಳಿಯುತ್ತದೆ, ಬಾಯಿ ಕೊಳಕಾಗಿದ್ದರೆ ಆ ಎಂಜಲೇ ಸಾಕು. ಬಾಯಲ್ಲಿ ಊಟವಿಲ್ಲದವರ ಬಾಯಿಯನ್ನು ತೊಳೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಮೆತ್ತನೆ ಬ್ರಷ್ಷಿನಿಂದ ಹಲ್ಲು, ನಾಲಿಗೆ, ಕೆನ್ನೆಯ ಒಳಗು ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇದು ಕೂತು ಮಾಡುವ ಕೆಲಸ, ಅತ್ತೆಯವರಿಗೆ ಬಿಡಿ.

ನಳಿಕೆ ಮೂಗಿನ ಹತ್ತಿರ ಎಲ್ಲಿದೆಯೋ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕಿ. ಗುರುತು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಏನನ್ನೂ ಹಾಕಬೇಡಿ, ನರ್ಸ್ ನೋಡುವ ತನಕ ಕಾಯಿರಿ. ಸಿರಿಂಜಿನ ಪಿಸ್ಟನ್ ತೆಗೆದು, ಗಂಜಿ ತಾನಾಗಿ ಇಳಿಯಲು 15–20 ನಿಮಿಷ ಬಿಡಿ. ಒಂದು ಸಲಕ್ಕೆ 200–250 ಮಿ.ಲೀ., ಹಾಕುವ ಮೊದಲು ಮತ್ತು ನಂತರ 30–50 ಮಿ.ಲೀ. ನೀರು. ಕೆಮ್ಮು, ಏದುಸಿರು ಕಂಡರೆ ನಿಲ್ಲಿಸಿ. ಮಾತ್ರೆಗಳನ್ನು ಬೇರೆಬೇರೆಯಾಗಿ ಪುಡಿ ಮಾಡಿ ನೀರಲ್ಲಿ ಕರಗಿಸಿ ಕೊಡಿ. ಆದರೆ ಲಕ್ವಕ್ಕೆ ಬರೆಯುವ ಆಸ್ಪಿರಿನ್ ಎಷ್ಟೋ ಸಲ ಕರುಳಿನಲ್ಲಿ ಕರಗುವ ಲೇಪನದ್ದಾಗಿರುತ್ತದೆ, ಅದನ್ನು ಪುಡಿ ಮಾಡುವಂತಿಲ್ಲ. ಚೀಟಿ ತೋರಿಸಿ ಬದಲಿ ಕೇಳಿ.

ಹುಣ್ಣು ಮಾಯದಿರಲು ಇನ್ನೊಂದು ಕಾರಣ ಆ ಆರು ಲೋಟ ಗಂಜಿ. ನಳಿಕೆಯಲ್ಲಿ ಇಳಿಯುವಷ್ಟು ತೆಳ್ಳಗಿನ ಒಂದು ಲೋಟಕ್ಕೆ 20 ಗ್ರಾಂ ರಾಗಿ ಹಿಟ್ಟು ಎಂದುಕೊಂಡರೆ ಅದರಲ್ಲಿ ಒಂದೂವರೆ ಗ್ರಾಂ ಪ್ರೋಟೀನ್ ಕೂಡ ಇಲ್ಲ. ಆರು ಸಲಕ್ಕೆ 8–9 ಗ್ರಾಂ. ಹಾಸಿಗೆ ಹುಣ್ಣಿರುವ 55 ಕೆ.ಜಿ. ಮನುಷ್ಯನಿಗೆ ದಿನಕ್ಕೆ 65ರಿಂದ 80 ಗ್ರಾಂ ಬೇಕು. ರಾಗಿ ಒಳ್ಳೆಯದೇ, ರಾಗಿಯೊಂದೇ ಆದರೆ ಹೊಟ್ಟೆ ತುಂಬುತ್ತದೆ, ಮೈ ಕರಗುತ್ತದೆ. ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ, 300 ಮಿ.ಲೀ. ಮೊಸರಿನಲ್ಲಿ 9, ಚೆನ್ನಾಗಿ ಬೇಯಿಸಿ ರುಬ್ಬಿ ಸೋಸಿದ 60 ಗ್ರಾಂ ಬೇಳೆಯಲ್ಲಿ 13, ಗಂಜಿಗೆ ಸೇರಿಸಿ ಕುದಿಸಿದ 40 ಗ್ರಾಂ ಹುರಿಗಡಲೆ ಹಿಟ್ಟಿನಲ್ಲಿ 8–9 ಗ್ರಾಂ ಸಿಗುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಗಟ್ಟಿಯಾಗಿ ಬೇಯಿಸಿ ರುಬ್ಬಿದ ಮೂರು ಮೊಟ್ಟೆಯಲ್ಲಿ 18. ಹಸಿ ಮೊಟ್ಟೆ ಬೇಡ. ಮೊಟ್ಟೆ ಇಲ್ಲದ ಮನೆಗೆ ಕೆನೆ ತೆಗೆದ ಹಾಲಿನ ಪುಡಿ, 30 ಗ್ರಾಮಿಗೆ ಹತ್ತು ಗ್ರಾಂ. ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ, ವೈದ್ಯರನ್ನು ಕೇಳಿಯೇ ಶುರು ಮಾಡಿ.

ಬೇಧಿಯ ಮಾತ್ರೆ ನಿಲ್ಲಿಸಿ. ‘ನೀರುನೀರಾಗಿ ಸ್ವಲ್ಪ ಸ್ವಲ್ಪ’ ಎಂದು ಬರೆದಿದ್ದೀರಿ, ಅದು ಬೇಧಿಯೇ ಅಲ್ಲದಿರಬಹುದು. ಮಲಗಿದ್ದವರಲ್ಲಿ ಕೆಳಗೆ ಮಲ ಕಲ್ಲಾಗಿ ನಿಂತು, ಅದರ ಪಕ್ಕದಿಂದ ಮೇಲಿನ ನೀರು ಜಿನುಗುವುದು ಬಲು ಸಾಮಾನ್ಯ. ಬೇಧಿಯ ಮಾತ್ರೆ ಕೊಟ್ಟರೆ ಕಲ್ಲು ಇನ್ನೂ ಗಟ್ಟಿಯಾಗುತ್ತದೆ. ನರ್ಸ್ ಗ್ಲೌಸ್ ಹಾಕಿ ಬೆರಳಿನಿಂದ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹುಣ್ಣಿನ ಪಕ್ಕ ದಿನವಿಡೀ ಒದ್ದೆಯಿದ್ದರೆ ಯಾವ ಡ್ರೆಸಿಂಗೂ ನಿಲ್ಲದು, ಹಾಗಾಗಿ ಇದನ್ನು ಈ ವಾರವೇ ತೋರಿಸಿ.

ಏಳು ವಾರವಾಗಿದೆ, ನಳಿಕೆ ಇನ್ನೂ ಬೇಕೇ ಎಂದು ಕೇಳುವ ಕಾಲವೂ ಹೌದು. ಲಕ್ವದ ನಂತರ ನುಂಗುವ ಶಕ್ತಿ ಎಷ್ಟೋ ಜನರಿಗೆ ಮರಳುತ್ತದೆ. ಹಾಗೆಂದು ನೆಂಟರ ಮಾತು ಕೇಳಿ ‘ಬಾಯಿರುಚಿಗೆ’ ಚಮಚ ಕಾಫಿ ಕೊಟ್ಟು ಪರೀಕ್ಷೆ ಮಾಡಬೇಡಿ. ಕೆಲವರಿಗೆ ಕೆಮ್ಮೇ ಬಾರದೆ ಒಳಗೆ ಇಳಿಯುತ್ತದೆ. ನುಂಗುವ ಪರೀಕ್ಷೆ ಮಾಡುವ ವಾಕ್ ತಜ್ಞರಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನೂ ಮಾತಿನ ತರಬೇತಿಯನ್ನೂ ಕೇಳಬಹುದು. ನುಂಗಲು ಇನ್ನೂ ಆಗದಿದ್ದರೆ ಹೊಟ್ಟೆಗೇ ನೇರವಾಗಿ ನಳಿಕೆ ಹಾಕುವ ದಾರಿಯಿದೆ. ಮೂಗಿಗೆ ಕಿರಿಕಿರಿಯಿಲ್ಲ, ಕಿತ್ತುಬರುವುದು ಕಡಿಮೆ. ಆದರೆ ಅದೊಂದು ಸಣ್ಣ ಶಸ್ತ್ರಚಿಕಿತ್ಸೆ, ರಕ್ತಸ್ರಾವ ಮತ್ತು ಸೋಂಕಿನ ಅಪಾಯವಿದೆ, ನ್ಯುಮೋನಿಯಾ ಭಯವೂ ಪೂರ್ತಿ ಹೋಗದು.

ನಿಮ್ಮ ನಿದ್ದೆ

ರಾತ್ರಿಯೂ ಎರಡು ಗಂಟೆಗೊಮ್ಮೆ ಏಳಲೇಬೇಕೆಂಬುದು ಶಿಲಾಶಾಸನವಲ್ಲ. ಏರ್ ಬೆಡ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ರಾತ್ರಿ ನಾಲ್ಕು ಗಂಟೆಯ ಅಂತರ ಸಾಧ್ಯ. ಕೊನೆಯ ಗಂಜಿ ಒಂಬತ್ತಕ್ಕೆ, ಹತ್ತಕ್ಕೆ ಇಳಿಸಿ ಮಗ್ಗುಲಾಗಿಸಿ, ಆಮೇಲೆ ಎರಡಕ್ಕೆ, ಆಮೇಲೆ ಆರಕ್ಕೆ. ಎರಡು ಗಂಟೆಯ ಸರದಿ ಒಂದು ದಿನ ಯಜಮಾನರದ್ದು, ಒಂದು ದಿನ ನಿಮ್ಮದು. ಅವರ ಸರದಿಯ ದಿನ ನೀವು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಬೇಕು. ಪಕ್ಕದಲ್ಲೇ ಮಲಗಿ ‘ನಾನು ಏಳುವುದಿಲ್ಲ’ ಎಂದರೆ ನಡೆಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಕೆಂಪು ಹಾಗೇ ನಿಂತಿದ್ದರೆ, ಅಥವಾ ಹೊರಳಿಸಿ ಅರ್ಧ ಗಂಟೆಯಾದರೂ ಆರದಿದ್ದರೆ ಮರುರಾತ್ರಿ ಮೂರು ಗಂಟೆಗೊಮ್ಮೆ ಏಳಿ. ರಾತ್ರಿಯ ಮೂತ್ರಕ್ಕೆ ಗಂಡಸರಿಗೆ ಹೊರಗಿನಿಂದ ತೊಡಿಸಿ ಚೀಲಕ್ಕೆ ಸೇರಿಸುವ ಕಾಂಡೋಮ್ ಕ್ಯಾಥೆಟರ್ ಅನುಕೂಲ, ಬಿಗಿಯಾಗದಂತೆ ಸರಿಯಾದ ಅಳತೆಯದ್ದು ಕೇಳಿ, ಬೆಳಿಗ್ಗೆ ತೆಗೆದು ಚರ್ಮ ನೋಡಿ.

ಆಳು ಇಟ್ಟುಕೊಳ್ಳುವುದು ಮಾವನವರನ್ನು ಕೈಬಿಟ್ಟಂತಲ್ಲ. ಊರಿನವರೇ ಒಬ್ಬರು ಬೆಳಿಗ್ಗೆ ಎರಡು ಗಂಟೆ ಮೈ ಒರೆಸಿ ಹೊರಳಿಸಲು ಬಂದರೆ ನಿಮ್ಮ ಸೊಂಟ ಉಳಿಯುತ್ತದೆ. ಏಜೆನ್ಸಿಯ ಅಟೆಂಡರ್ ಆದರೆ ದಿನವಿಡೀ ಇರುತ್ತಾರೆ, ಖರ್ಚು ಹೆಚ್ಚು, ಜನ ಬದಲಾಗುತ್ತಲೇ ಇರುತ್ತಾರೆ. ಯಾರೇ ಬರಲಿ, ನಳಿಕೆಯಲ್ಲಿ ಹಾಕುವುದನ್ನು ಮೊದಲ ಮೂರು ದಿನ ನಿಮ್ಮೆದುರೇ ಮಾಡಲಿ. ನೋವು, ನರಳಾಟ ತಗ್ಗಿಸುವ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆ ಕೇಂದ್ರಗಳಲ್ಲಿ ಕೆಲವು, ಮನೆಯವರಿಗೆ ವಿಶ್ರಾಂತಿ ಸಿಗಲೆಂದು ಕೆಲವು ದಿನ ರೋಗಿಯನ್ನು ಇಟ್ಟುಕೊಳ್ಳುತ್ತವೆ. ಕ್ಯಾನ್ಸರ್ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳುವ ಕಡೆಯೂ ಉಂಟು, ಫೋನ್ ಮಾಡಿ ಕೇಳಿಯೇ ಹೋಗಿ. ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಕೆಲಸದಲ್ಲಿ ಹಾಸಿಗೆ ಹಿಡಿದವರ ಆರೈಕೆಯೂ ಸೇರಿದೆ, ಆಶಾ ಕಾರ್ಯಕರ್ತೆಯ ಮೂಲಕ ಮನೆಗೆ ಕರೆಸಿ ಹುಣ್ಣು, ನಳಿಕೆ ಎರಡನ್ನೂ ತೋರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567ರಲ್ಲಿ ಸೌಲಭ್ಯಗಳ ಮಾಹಿತಿ ಸಿಗುತ್ತದೆ.

ನಾದಿನಿಯವರ ಜೊತೆ ವಾದ ಬೇಡ, ಕೆಲಸ ಕೊಡಿ. ‘ಅಕ್ಕ, ತಿಂಗಳಿಗೆ ಎರಡು ದಿನ ನೀವು ಬಂದು ಅಪ್ಪನ ಹತ್ತಿರ ಇದ್ದರೆ ನಾನು ಸೊಂಟ ತೋರಿಸಿಕೊಂಡು ಬರುತ್ತೇನೆ’ ಎಂದು ಯಜಮಾನರೇ ಕೂತಿರುವಾಗ ಹೇಳಿ. ಎರಡು ರಾತ್ರಿ ಹೊರಳಿಸಿದವರು ‘ಸರಿಯಾಗಿ ನೋಡಿಕೊಂಡಿದ್ದರೆ’ ಎನ್ನುವುದು ಕಡಿಮೆ. ನೋಡಲು ಬರುವ ನೆಂಟರು ಸೇಬು, ಬ್ರೆಡ್ಡು ತರುತ್ತಾರೆ, ನಳಿಕೆಯಲ್ಲಿ ಉಣ್ಣುವವರ ಮನೆಗೆ! ಸಂಕೋಚ ಬಿಟ್ಟು ‘ಅಂಡರ್‌ಪ್ಯಾಡ್ ತನ್ನಿ’ ಎನ್ನಿ.

ಇನ್ನು ‘ಬೇಗ ಕರೆದುಕೊಳ್ಳಬಾರದೇ’ ಎಂಬ ಯೋಚನೆ. ವಾರಗಟ್ಟಲೆ ನಿದ್ದೆಗೆಟ್ಟು ಆರೈಕೆ ಮಾಡುವವರಲ್ಲಿ ಇದು ಬರುವುದು ಅಪರೂಪವಲ್ಲ. ಅವರ ನರಳಾಟವೂ ನಿಮ್ಮ ದಣಿವೂ ಮುಗಿಯಲಿ ಎಂಬ ಆಸೆ ಅದು, ಅವರಿಗೆ ಕೇಡು ಬಯಸಿದ್ದಲ್ಲ. ಆರೈದು ರಾತ್ರಿ ನಿದ್ದೆ ಮಾಡಿದ ಮೇಲೂ ಅಳು, ಸಿಡುಕು, ಊಟ ಸೇರದಿರುವುದು ಹಾಗೇ ಇದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮಗೋ ಅವರಿಗೋ ಏನಾದರೂ ಮಾಡಿಕೊಂಡುಬಿಡಬೇಕು ಎನಿಸಿದರೆ ನಿದ್ದೆಗಾಗಿ ಕಾಯದೆ ಅದೇ ಕ್ಷಣ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ.

ಹುಣ್ಣಿನ ತಳ ಕಪ್ಪಾದರೆ, ದುರ್ವಾಸನೆ ಬಂದರೆ, ಸುತ್ತ ಬಿಸಿಯಾಗಿ ಊದಿಕೊಂಡರೆ, ಜ್ವರ ಬಂದರೆ, ಉಸಿರಾಟ ವೇಗವಾದರೆ, ಇದ್ದಕ್ಕಿದ್ದಂತೆ ಮಂಕಾದರೆ ಬೆಳಗಾಗಲು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲದಿದ್ದರೆ ಐದು ದಿನಕ್ಕೊಮ್ಮೆ ಹುಣ್ಣಿನ ಪಕ್ಕ ಅದೇ ಎರಡು ರೂಪಾಯಿ ನಾಣ್ಯ ಹಿಡಿದು, ಒಂದೇ ದೂರದಿಂದ ಫೋಟೊ ತೆಗೆದಿಟ್ಟುಕೊಳ್ಳಿ. ದಿನಾ ನೋಡುವ ಕಣ್ಣಿಗೆ ಮಾಯುವುದು ಕಾಣುವುದಿಲ್ಲ. ಮೂರು ಫೋಟೊ ಪಕ್ಕಪಕ್ಕ ಇಟ್ಟಾಗ ಅಳತೆ ಕುಗ್ಗದಿದ್ದರೆ ಆ ಫೋಟೊಗಳನ್ನೂ ಗೋಡೆಯ ಹಾಳೆಯನ್ನೂ ವೈದ್ಯರ ಹತ್ತಿರ ಒಯ್ಯಿರಿ.